ಸಡಿಲ ನಟ್ಟು, ಗಟ್ಟಿ ಸಹಿ

ನಾನು ಕೆಲಸ ಮಾಡುವ ಬ್ಯಾಂಕಿನ ಕೌಂಟರಿನ ಗಾಜಿನ ಮೇಲೆ ಮೂರು ಭಾಷೆಗಳಲ್ಲಿ ಒಂದೇ ಮಾತನ್ನು ಬರೆದು ಅಂಟಿಸಿದ್ದಾರೆ: ಕೌಂಟರ್ ಬಿಡುವ ಮೊದಲು ಹಣವನ್ನು ಎಣಿಸಿಕೊಳ್ಳಿ. ಇಪ್ಪತ್ತು ವರ್ಷಗಳಿಂದ ಆ ಬರಹದ ಹಿಂಬದಿಯಲ್ಲಿ ಕುಳಿತವನು ನಾನು. ನನ್ನ ಕಡೆಯಿಂದ ಅಕ್ಷರಗಳು ತಿರುಗುಮುರುಗಾಗಿ ಕಾಣುವುದರಿಂದಲೋ ಏನೋ, ಆ ಮಾತು ನನಗೂ ಅನ್ವಯಿಸುತ್ತದೆ ಎಂದು ನನಗೆ ಅನ್ನಿಸಿರಲೇ ಇಲ್ಲ. ಗಿರಾಕಿಗಳಲ್ಲಿ ಕೆಲವರು ನನ್ನೆದುರೇ ನೋಟುಗಳನ್ನು ಎರಡೆರಡು ಸಲ ಎಣಿಸುತ್ತಾರೆ. ಇನ್ನು ಕೆಲವರು, ಅದರಲ್ಲೂ ನಮ್ಮ ಊರಿನ ಹಿರಿಯರು, "ನೀವು ಕೊಟ್ಟದ್ದಲ್ವಾ, ಎಣಿಸ್ಲಿಕ್ಕೆ ಎಂತ ಉಂಟು?" ಎಂದು ನಕ್ಕು, ಹಾಗೆಯೇ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಾರೆ. ಈ ಎರಡನೆಯವರು ಸಜ್ಜನರು, ಮೊದಲನೆಯವರು ಸ್ವಲ್ಪ ಸಂಶಯಪ್ರಾಣಿಗಳು ಎಂದೇ ನಾನು ತಿಳಿದುಕೊಂಡಿದ್ದೆ. ಈ ತಿಳುವಳಿಕೆಯನ್ನು ಬುಡಮೇಲು ಮಾಡಿದ್ದು ಒಂದು ಹೊಸ ಮೋಟಾರ್ ಸೈಕಲು.

ನನ್ನ ತಂಗಿಯ ಮಗನಿಗೆ ಮಂಗಳೂರಿನಲ್ಲಿ ಕೆಲಸವಾಯಿತು. ಪೈವಳಿಕೆಯಿಂದ ಕೈಕಂಬಕ್ಕೆ ಇಳಿದು, ಅಲ್ಲಿಂದ ಹೆದ್ದಾರಿ ಹಿಡಿದು ತಲಪಾಡಿ ದಾಟಿ ದಿನಾ ಹೋಗಿಬರಬೇಕು. ಬಸ್ಸಿನ ಸಮಯಕ್ಕೂ ಅವನ ಕೆಲಸದ ಸಮಯಕ್ಕೂ ಹೊಂದಿಕೆಯಾಗಲಿಲ್ಲ. ಬೈಕು ತೆಗೆಯುವುದೆಂದು ನಿಶ್ಚಯವಾಗಿ, ಸಾಲ ನನ್ನ ಹೆಸರಿನಲ್ಲಿ, ಗಾಡಿಯೂ ನನ್ನ ಹೆಸರಿನಲ್ಲಿ ಎಂದಾಯಿತು. ವಿಜಯದಶಮಿಯ ದಿನವೇ ಮನೆಗೆ ಬರಬೇಕು, ಅದೂ ರಾಹುಕಾಲದ ಮೊದಲು ಮಳಿಗೆಯಿಂದ ಹೊರಡಬೇಕು ಎಂದು ತಂಗಿಯ ಹಟ. ಆ ಹಟವನ್ನು ಮಳಿಗೆಯವರಿಗೆ ನಾಲ್ಕು ಸಲ ಫೋನು ಮಾಡಿ ತಿಳಿಸಿದವನು ನಾನು. ಈ ವಿವರವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಆ ದಿನ ಮಳಿಗೆಯಲ್ಲಿ ಜಾತ್ರೆಯಂಥ ಗದ್ದಲ. ಗೋಡೆಯುದ್ದಕ್ಕೂ ಹೂಮಾಲೆ ಹಾಕಿದ ಗಾಡಿಗಳು. ಒಬ್ಬ ಹುಡುಗ ಕಾಗದಗಳ ಕಟ್ಟನ್ನು ತಂದು ಪೆನ್ನು ಕೊಟ್ಟು, ಬೆರಳಿಟ್ಟು ತೋರಿಸಿದ ಕಡೆಗಳಲ್ಲೆಲ್ಲ ಸಹಿ ಹಾಕಿದೆ. ಆ ಕಾಗದಗಳಲ್ಲಿ ಕೆಲವು ಇಂಗ್ಲಿಷ್, ಕೆಲವು ಮಲಯಾಳ. ಓದಲು ಬರುವುದಿಲ್ಲವೆಂದಲ್ಲ, ಬ್ಯಾಂಕಿನಲ್ಲಿ ದಿನವೂ ಓದುವವನು. ಆದರೆ ಗಡಿನಾಡಿನ ಕನ್ನಡಿಗರಾದ ನಮಗೆ ಒಂದು ಅಭ್ಯಾಸ ಬೆಳೆದುಬಿಟ್ಟಿದೆ. ಕಚೇರಿಯ ಕಾಗದವೆಂದರೆ ಓದುವಂಥದ್ದಲ್ಲ, ಸಹಿ ಹಾಕುವಂಥದ್ದು ಎಂದು. ನಮ್ಮ ಅಪ್ಪಂದಿರು ಭಾಷೆ ತಿಳಿಯದೆ ಹಾಗೆ ಮಾಡಿದರು. ನಾವು ತಿಳಿದೂ ಹಾಗೆಯೇ ಮಾಡುತ್ತೇವೆ. ಚಕ್ರಗಳಡಿಗೆ ಲಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದು, ಫೋಟೋ ತೆಗೆದು, ರಾಹುಕಾಲಕ್ಕೆ ಹತ್ತು ನಿಮಿಷ ಇರುವಾಗ ಹೊರಟೆವು.

ನಾಲ್ಕನೆಯ ದಿನ ಅಳಿಯ ಹೇಳಿದ: "ಮಾವ, ತಿರುವಿನಲ್ಲಿ ಹಿಂದೆ ಎಂತದೋ ಜಾರಿದ ಹಾಗೆ ಆಗ್ತದೆ." ನಾನು, "ಹೊಸ ಗಾಡಿ ಅಲ್ವಾ, ಓಡ್ತಾ ಓಡ್ತಾ ಸೆಟ್ ಆಗ್ತದೆ" ಎಂದೆ. ಯಂತ್ರದ ಬಗ್ಗೆ ಏನೂ ತಿಳಿಯದವನು ಎಷ್ಟು ಧೈರ್ಯದಿಂದ ಅಭಿಪ್ರಾಯ ಕೊಡಬಲ್ಲ ಎನ್ನುವುದಕ್ಕೆ ಇದೊಂದು ಉದಾಹರಣೆ. ಆರನೆಯ ದಿನ ಭಾನುವಾರ. ನಾವೆಲ್ಲ ಕಾಕ ಎಂದೇ ಕರೆಯುವ ಹಳೆಯ ಮೆಕ್ಯಾನಿಕರೊಬ್ಬರು ಬೈಕನ್ನು ನಡು ಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರವನ್ನು ಎರಡೂ ಕೈಗಳಿಂದ ಹಿಡಿದು ಪಕ್ಕಕ್ಕೆ ಅಲುಗಿಸಿದರು. ಮತ್ತೆ ಏನೂ ಮಾತಾಡದೆ, ಅಚ್ಚಿನ ನಟ್ಟನ್ನು ಎರಡು ಬೆರಳುಗಳಲ್ಲಿ ಹಿಡಿದು ತಿರುಗಿಸಿದರು. ಸ್ಪಾನರ್ ಇಲ್ಲದೆ, ಬಾಟಲಿಯ ಮುಚ್ಚಳ ತಿರುಗಿದಂತೆ, ಅದು ತಿರುಗಿತು. ನಟ್ಟು ಕಳಚದಂತೆ ಹಾಕುವ ಸ್ಪ್ಲಿಟ್ ಪಿನ್ನಿನ ತೂತು ಖಾಲಿ ಇತ್ತು. "ಚೈನು ಸರಿ ಮಾಡ್ಲಿಕ್ಕೆ ನಟ್ಟು ಸಡಿಲ ಮಾಡಿದ್ದಾರೆ. ತಿರುಗಿ ಬಿಗಿ ಮಾಡ್ಲಿಕ್ಕೆ ಮರ್ತಿದ್ದಾರೆ. ಹುಡುಗನ ಆಯುಷ್ಯ ಗಟ್ಟಿ ಉಂಟು" ಎಂದರು ಕಾಕ.

ಆ ರಾತ್ರಿ ಕಾಗದಗಳ ಲಕೋಟೆಯನ್ನು ಬಿಚ್ಚಿದೆ. ಅದರಲ್ಲಿ ಗಾಡಿ ಕೊಡುವ ಮೊದಲಿನ ಪರೀಕ್ಷೆಯ ಪಟ್ಟಿಯೊಂದಿತ್ತು. ಬ್ಯಾಟರಿ, ಬ್ರೇಕು, ಟಯರಿನ ಗಾಳಿ, ಚೈನು, ನಟ್ಟು-ಬೋಲ್ಟುಗಳ ಬಿಗಿತ, ಹೀಗೆ ಸಾಲು ಸಾಲಾಗಿ. ಎಲ್ಲದರ ಎದುರೂ ರೈಟ್ ಗುರುತು. ಒಂದೇ ಪೆನ್ನು, ಒಂದೇ ಬೀಸು, ಕೈ ಎತ್ತದೆ ಹಾಕಿದ್ದೆಂದು ನೋಡಿದರೇ ತಿಳಿಯುವಂತೆ. ಕೆಳಗೆ ಎರಡು ಸಹಿಗಳು. ಎಡಗಡೆ, ಪರೀಕ್ಷಿಸಿದ್ದೇನೆ ಎನ್ನುವ ಹುಡುಗನದ್ದು. ಬಲಗಡೆ, ಗಾಡಿಯನ್ನು ನೋಡಿ ತೃಪ್ತನಾಗಿ ಪಡೆದಿದ್ದೇನೆ ಎನ್ನುವ ನನ್ನದು. ಬ್ಯಾಂಕಿನಲ್ಲಿ ಪಳಗಿದ ನನ್ನ ಸಹಿ ಗಟ್ಟಿಯಾಗಿ, ಸ್ಪಷ್ಟವಾಗಿ, ಕೆಳಗೊಂದು ಗೆರೆಯೊಂದಿಗೆ ಇತ್ತು. ಹುಡುಗ ಸುಳ್ಳು ಬರೆದಿದ್ದ, ನಿಜ. ಆದರೆ ನಾನು?

ಕಾನೂನು ಈ ಪ್ರಶ್ನೆಗೆ ತನ್ನ ಮಟ್ಟಿಗೆ ಸ್ಪಷ್ಟ ಉತ್ತರ ಕೊಡುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಹೊಸ ವಾಹನದ ನೋಂದಣಿಗೆ ಮಾರಾಟಗಾರರ ನಮೂನೆ 21, ತಯಾರಕರ ನಮೂನೆ 22 ಎರಡೂ ಬೇಕು. ವಾಹನವು ರಸ್ತೆಗೆ ಯೋಗ್ಯವಾಗಿದೆ ಎಂದು ಹೇಳುವುದು ಈ ಎರಡನೆಯ ಕಾಗದ. ಆದರೆ ಅದು ಕಾರ್ಖಾನೆಯ ಮಾತು. ಕಾರ್ಖಾನೆಗೂ ರಸ್ತೆಗೂ ನಡುವೆ ಮಳಿಗೆಯ ಹಿತ್ತಿಲೆಂಬ ಒಂದು ಸ್ಥಳವಿದೆ. ಲಾರಿಯಿಂದ ಇಳಿದ ಗಾಡಿಗೆ ಕನ್ನಡಿ, ಗಾರ್ಡು, ನಂಬರ್ ಪ್ಲೇಟು ಜೋಡಿಸುವುದು, ಬ್ಯಾಟರಿಗೆ ಚಾರ್ಜು ಕೊಡುವುದು, ಗಾಳಿ ಹದಗೊಳಿಸುವುದು, ಚೈನು, ಕ್ಲಚ್ಚು, ಬ್ರೇಕುಗಳ ಸಡಿಲ ಸರಿಮಾಡುವುದು ಅಲ್ಲಿ. ಪಾಶ್ಚಾತ್ಯ ದೇಶಗಳಿಗೆ ಹೋಗುವ ಎಷ್ಟೋ ಬೈಕುಗಳು ಪೆಟ್ಟಿಗೆಯೊಳಗೆ ಮುಂದಿನ ಚಕ್ರ, ಹ್ಯಾಂಡಲುಗಳನ್ನು ಬಿಚ್ಚಿಟ್ಟುಕೊಂಡೇ ಬರುತ್ತವಂತೆ. ಅಲ್ಲಿ ಮಳಿಗೆಯವನ ಕೈಗೆ ಇನ್ನೂ ಹೆಚ್ಚಿನ ಕೆಲಸ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೆಯ ಸೆಕ್ಷನು ಮಾರಾಟಗಾರನ ಹೊಣೆಗಳಲ್ಲಿ ಇದನ್ನೂ ಎಣಿಸಿದೆ. ಜೋಡಿಸುವುದರಲ್ಲಿ, ಪರೀಕ್ಷಿಸುವುದರಲ್ಲಿ ತಕ್ಕ ಎಚ್ಚರ ವಹಿಸದೆ ಹಾನಿಯಾದರೆ ಅವನೇ ಜವಾಬ್ದಾರ.

ಹಾಗಾದರೆ ದುಡ್ಡು ಕೊಟ್ಟವನು ಪರೀಕ್ಷೆಯನ್ನೂ ಮಾಡಬೇಕೆ? ನನ್ನ ಭಾವ ಕೇಳಿದ್ದು ಇದನ್ನೇ. "ಆಸ್ಪತ್ರೆಗೆ ಹೋದವ ಡಾಕ್ಟ್ರ ಕತ್ತರಿಯನ್ನೂ ಎಣಿಸ್ಬೇಕಾ?" ವಾದ ಬಲವಾದದ್ದೇ. ಕೊಂಡವನು ಎಚ್ಚರವಾಗಿರಲಿ ಎಂದು ಉಪದೇಶ ಮಾಡುತ್ತ ಹೋದರೆ ತಪ್ಪು ಮಾಡಿದವನು ನುಣುಚಿಕೊಳ್ಳುತ್ತಾನೆ, ನೋವು ತಿಂದವನೇ ಅಪರಾಧಿಯಾಗುತ್ತಾನೆ. ಬಹಳ ದಿನ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು: ಹೊಣೆ ಬೇರೆ, ಕಾಳಜಿ ಬೇರೆ. ನಟ್ಟನ್ನು ಬಿಗಿಯುವ ಹೊಣೆ ಮಳಿಗೆಯದು. ಅದನ್ನು ನಾನು ಹೊರುವುದಿಲ್ಲ, ಹೊರಬಾರದು. ಆದರೆ ಆ ಗಾಡಿಯ ಮೇಲೆ ಕುಳಿತುಕೊಳ್ಳುವವನು ನನ್ನ ಅಳಿಯ. ಅವನ ಬಗೆಗಿನ ಕಾಳಜಿಯನ್ನು ನಾನು ಯಾವ ಮಳಿಗೆಗೂ ಗುತ್ತಿಗೆ ಕೊಡಲಾರೆ. ಹೊಣೆ ಹೊತ್ತವನು ತಪ್ಪಿದರೆ ದಂಡ ಕೊಟ್ಟಾನು. ಆ ದಂಡದಿಂದ ಹುಡುಗನ ಮುರಿದ ಕಾಲು ಕೂಡುವುದಿಲ್ಲ.

ಪರೀಕ್ಷಿಸುವುದು ಅವಮಾನ ಎನ್ನುವ ಮಾತಿಗೆ ಉತ್ತರ ನಮ್ಮ ಯಕ್ಷಗಾನದ ಚೌಕಿಯಲ್ಲಿದೆ. ಕುಂಬಳೆಯ ಪಾರ್ತಿಸುಬ್ಬನ ಸೀಮೆಯವರಾದ ನಮಗೆ ಚೌಕಿಯನ್ನು ವಿವರಿಸಬೇಕಾಗಿಲ್ಲ. ಕಿರೀಟವನ್ನು ಎಷ್ಟೇ ನುರಿತವರು ಕಟ್ಟಿಕೊಟ್ಟರೂ ವೇಷಧಾರಿ ಎದ್ದು ನಿಂತು, ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ, ಒಮ್ಮೆ ಕುಪ್ಪಳಿಸಿ ನೋಡಿಯೇ ರಂಗಕ್ಕೆ ಹೋಗುತ್ತಾನೆ. ಕಟ್ಟಿದವನಿಗೆ ಅದರಿಂದ ಬೇಸರವಿಲ್ಲ, ಬದಲಾಗಿ, "ಬಿಗಿ ಸಾಕಾ?" ಎಂದು ಅವನೇ ಕೇಳುತ್ತಾನೆ. ಇಬ್ಬರಿಗೂ ಬೇಕಾದದ್ದು ಒಂದೇ, ಧಿಗಿಣದ ನಡುವೆ ಕಿರೀಟ ಉದುರಬಾರದು. ಉದ್ದೇಶ ಒಂದಾಗಿರುವ ಕಡೆ ಪರೀಕ್ಷೆ ಸಂಶಯವಾಗುವುದಿಲ್ಲ, ಕೆಲಸದ ಕೊನೆಯ ಅಂಗವಾಗುತ್ತದೆ. ಪರೀಕ್ಷೆಗೆ ಒಬ್ಬ ಮುಖ ಸಿಂಡರಿಸಿದನೆಂದರೆ ಅವನ ಉದ್ದೇಶವೇ ಬೇರೆ ಎಂದು ತಿಳಿಯಬಹುದು.

ನಮ್ಮ ಬ್ಯಾಂಕಿನ ಕೆಲಸವೂ ಹಾಗೆಯೇ. ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡದೆ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಎರಡು ಸಹಿಗಳ ಈ ಪದ್ಧತಿಯೊಳಗೆ ಒಂದು ರೋಗವೂ ಇದೆ. ಬರೆದವನು, ನೋಡುವವರಿದ್ದಾರಲ್ಲ ಎಂದು ಸಡಿಲವಾಗುತ್ತಾನೆ. ನೋಡುವವನು, ಬರೆದವನು ಸರಿಯಾಗಿಯೇ ಬರೆದಿರುತ್ತಾನೆ ಎಂದು ಸಡಿಲವಾಗುತ್ತಾನೆ. ಕೊನೆಗೆ ಎರಡು ಸಹಿಗಳಿದ್ದೂ ಒಂದು ಕಣ್ಣೂ ಇಲ್ಲದಂತಾಗುತ್ತದೆ. ಇದನ್ನು ಬೇರೆಯವರ ಮೇಲೆ ಹಾಕಿ ಹೇಳಲಾರೆ. ಕೆಲವು ವರ್ಷಗಳ ಹಿಂದೆ ಒಬ್ಬರು ಅಜ್ಜಿ ಪಾಸ್‌ಬುಕ್ಕನ್ನು ಚಾಚಿ, "ದುಡ್ಡು ಬಂದಿದೆಯಾ ಮಗಾ, ಎಲ್ಲ ಸರಿ ಉಂಟಾ?" ಎಂದು ಕೇಳಿದರು. ಸರತಿ ಉದ್ದವಿತ್ತು. ನಾನು ಪುಟ ತಿರುಗಿಸುವ ಶಾಸ್ತ್ರ ಮಾಡಿ, "ಎಲ್ಲ ಸರಿ ಉಂಟಜ್ಜಿ" ಎಂದೆ. ಅವರು ಕಟ್ಟಿದ ಎರಡು ಸಾವಿರ ರೂಪಾಯಿ, ಒಂದು ಅಂಕೆ ಹೆಚ್ಚುಕಡಿಮೆಯಾಗಿ ಬೇರೊಬ್ಬರ ಖಾತೆಗೆ ಸೇರಿತ್ತು. ನಾಲ್ಕು ತಿಂಗಳ ಮೇಲೆ ಅವರ ಮೊಮ್ಮಗಳು ಬಂದು ತೋರಿಸಿದಾಗಲೇ ಅದು ತಿಳಿದದ್ದು. ಹಣ ಸರಿಯಾಯಿತು. ಆ ಅಜ್ಜಿ ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಆದರೆ ಆಮೇಲೆ ಬಂದಾಗಲೆಲ್ಲ ಮೊಮ್ಮಗಳನ್ನು ಕರೆದುಕೊಂಡು ಬರತೊಡಗಿದರು. ಎಣಿಸದೆ ಹೋಗುವವರು ನಮಗೆ ಕೊಡುವ ಗೌರವ ದೊಡ್ಡದು. ಆ ಗೌರವವೇ ನಮ್ಮ ಹೊಣೆಯನ್ನು ಇಮ್ಮಡಿಯಾಗಿಸುತ್ತದೆ ಎಂಬುದನ್ನು ಅಂದು ಕಲಿಯಬೇಕಾಗಿತ್ತು. ಕಲಿತದ್ದು ಹಿಂದಿನ ಚಕ್ರದ ಬಳಿ.

ಅಮೆರಿಕದ ರಾಬರ್ಟ್ ಪಿರ್ಸಿಗ್ ತನ್ನ ಮಗನನ್ನು ಹಿಂದೆ ಕೂರಿಸಿಕೊಂಡು 1968ರಲ್ಲಿ ಬೈಕಿನಲ್ಲಿ ಮಾಡಿದ ದೀರ್ಘ ಪ್ರಯಾಣವನ್ನು ಆಧರಿಸಿ ಒಂದು ಪುಸ್ತಕ ಬರೆದ. 1974ರಲ್ಲಿ ಪ್ರಕಟವಾದ 'ಝೆನ್ ಆ್ಯಂಡ್ ದ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್'. ಅದರಲ್ಲಿ ಒಂದು ಪ್ರಸಂಗವಿದೆ. ಎಂಜಿನು ಪದೇ ಪದೇ ಕಚ್ಚಿಕೊಂಡಾಗ ಬೈಕನ್ನು ಅಂಗಡಿಗೆ ಕೊಡುತ್ತಾನೆ. ಹುಡುಗರು ರೇಡಿಯೋ ಹಾಕಿಕೊಂಡು, ನಗುತ್ತ ಹರಟುತ್ತ, ಅದನ್ನು ಇನ್ನಷ್ಟು ಹಾಳುಮಾಡಿ ಕೊಡುತ್ತಾರೆ. ಕೊನೆಗೆ ದೋಷ ಸಿಕ್ಕಿದ್ದು ಎಣ್ಣೆ ಹರಿಸುವ ಭಾಗದ ಒಂದು ಅಗ್ಗದ ಪಿನ್ನಿನಲ್ಲಿ. ಆ ಹುಡುಗರು ದುಷ್ಟರಲ್ಲ, ತಾವು ಮಾಡುವ ಕೆಲಸಕ್ಕೇ ಪ್ರೇಕ್ಷಕರಾಗಿದ್ದರು ಎನ್ನುವುದು ಆತನ ವಿಚಾರ. ಬಹಳ ಹಿಂದೆ ಓದಿದಾಗ ಇದು ಅಮೆರಿಕದ ಕಥೆ ಎಂದುಕೊಂಡಿದ್ದೆ.

ಸೋಮವಾರ ರಜೆ ಹಾಕಿ ಮಳಿಗೆಗೆ ಹೋದೆ. ಕೋಪ ತುಂಬಾ ಇತ್ತು, ವಾಕ್ಯಗಳನ್ನೂ ಜೋಡಿಸಿಕೊಂಡಿದ್ದೆ. ಮ್ಯಾನೇಜರು ಆ ಹುಡುಗನನ್ನು ಕರೆಸಿದರು. ಇಪ್ಪತ್ತೆರಡು-ಇಪ್ಪತ್ತಮೂರರ ಪ್ರಾಯ, ನಮ್ಮ ಕಡೆಯ ಮಾತಿನವನೇ. ತಲೆ ತಗ್ಗಿಸಿ ನಿಂತಿದ್ದವನು, ನಾನು ಮುಗಿಸಿದ ಮೇಲೆ ಮೆಲ್ಲಗೆ ಹೇಳಿದ: "ತಪ್ಪಾಯ್ತು ಸರ್. ಆ ದಿನ ಹನ್ನೊಂದು ಗಾಡಿ ಇತ್ತು, ಕೆಲಸಕ್ಕೆ ನಾವು ಇಬ್ಬರೇ. ನಿಮ್ಮದು ರಾಹುಕಾಲದ ಮೊದಲು ಆಗ್ಲೇಬೇಕು ಅಂತ ಫೋನು ಬರ್ತಾ ಇತ್ತು."

ನನ್ನ ವಾಕ್ಯಗಳೆಲ್ಲ ಉದುರಿಹೋದವು. ಇದರಿಂದ ಅವನ ತಪ್ಪು ಅಳಿಸಿಹೋಗಲಿಲ್ಲ. ಬಿಗಿಯದ ನಟ್ಟಿಗೆ ರೈಟ್ ಗುರುತು ಹಾಕಿದ್ದು ಅವನೇ. ಇಬ್ಬರಿಂದ ಹನ್ನೊಂದು ಗಾಡಿ ಸಿದ್ಧಪಡಿಸಲು ಹೊರಟವರ ತಪ್ಪು ಅದಕ್ಕಿಂತ ದೊಡ್ಡದು. ಆದರೆ ಒಳ್ಳೆಯ ಗಳಿಗೆಯಲ್ಲಿ ಹೊರಟ ಗಾಡಿಗೆ ಕೆಡುಕಾಗದು ಎಂದು ನಂಬಿ, ಆ ಗಳಿಗೆಗಾಗಿ ಅವನ ಕೈಯಿಂದ ಸ್ಪಾನರನ್ನು ಕಿತ್ತುಕೊಂಡವರಲ್ಲಿ ನಾನೂ ಒಬ್ಬ. ಮುಹೂರ್ತವನ್ನು ನಾನು ಹಳಿಯುವುದಿಲ್ಲ. ಆದರೆ ಲಿಂಬೆಹಣ್ಣಿಗೆ ಬಗ್ಗಿದ ಬೆನ್ನು ಒಂದು ಗೇಣು ಆಚೆಗಿನ ನಟ್ಟನ್ನೂ ನೋಡಬಹುದಿತ್ತು.

ಮ್ಯಾನೇಜರು ಒಂದು ಸರ್ವೀಸು ಉಚಿತವಾಗಿ ಮಾಡಿಕೊಡುತ್ತೇವೆ ಎಂದರು. ನನಗೆ ಅದು ಬೇಡವಾಗಿತ್ತು. ಹುಡುಗನನ್ನು ಕೆಲಸದಿಂದ ತೆಗೆಯಬಾರದು ಎಂದೆ. ಆಗ ಥಟ್ಟನೆ ಉಳಿದ ಹತ್ತು ಗಾಡಿಗಳು ನೆನಪಾದವು. ಅವುಗಳ ನಟ್ಟು? ನನ್ನದು ಸರಿಯಾಯಿತಲ್ಲ ಎಂದು ಮನೆಗೆ ಬರಬಹುದಿತ್ತು. ಹಾಗೆ ಬಂದಿದ್ದರೆ, ಗೊತ್ತಿದ್ದೂ ಸುಮ್ಮನಿದ್ದವನ ಪಾಲಿನ ತಪ್ಪು ಗೊತ್ತಿಲ್ಲದೆ ಸಹಿ ಹಾಕಿದ್ದಕ್ಕಿಂತ ದೊಡ್ಡದಾಗುತ್ತಿತ್ತು. ಆ ಹತ್ತು ಮನೆಗಳಿಗೂ ಫೋನು ಮಾಡಬೇಕೆಂದು ಕೇಳಿದೆ. ಮಳಿಗೆಯ ಹೆಸರು ಕೆಡುತ್ತದೆ ಎಂದು ಮ್ಯಾನೇಜರು ಹಿಂದೇಟು ಹಾಕಿದರು. ಬರವಣಿಗೆಯಲ್ಲಿ ಕೊಡುತ್ತೇನೆ ಎಂದಾಗ ಒಪ್ಪಿದರು. ನಾನು ಅಲ್ಲಿಯೇ ಕುರ್ಚಿಯಲ್ಲಿ ಕುಳಿತೆ. ಹುಡುಗ ಒಬ್ಬೊಬ್ಬರಿಗೇ ಫೋನು ಮಾಡಿದ. ಕೆಲವರು ಎತ್ತಿದರು, ಕೆಲವರು ಎತ್ತಲಿಲ್ಲ. ಎಷ್ಟು ಮಂದಿ ಗಾಡಿ ತಂದು ತೋರಿಸಿದರೋ ನನಗೆ ತಿಳಿಯದು.

ಈಗ ಯಾರಾದರೂ ಹೊಸ ಗಾಡಿ ತೆಗೆಯುತ್ತೇವೆಂದರೆ ನಾನು ಹೇಳುವುದು ಇಷ್ಟೆ. ಹಬ್ಬದ ದಿನವೇ ಬೇಕಿದ್ದರೆ ಪೂಜೆ ಅಂದು ಮಾಡಿ, ಪರೀಕ್ಷೆ ಹಿಂದಿನ ದಿನ ಮಾಡಿ. ಹಗಲು ಬೆಳಕಿನಲ್ಲಿ, ಹೂಮಾಲೆ ಹಾಕುವ ಮೊದಲು, ತಿಳಿದವರೊಬ್ಬರನ್ನು ಜತೆಗೆ ಕರೆದುಕೊಂಡು ಹೋಗಿ. ಚಾಸಿ ನಂಬರು, ಎಂಜಿನ್ ನಂಬರುಗಳು ಕಾಗದದೊಂದಿಗೆ ತಾಳೆಯಾಗುತ್ತವೆಯೇ, ಎರಡೂ ಚಕ್ರಗಳ ಅಚ್ಚಿನ ನಟ್ಟು ಬಿಗಿಯಿದೆಯೇ, ಇರಬೇಕಾದಲ್ಲಿ ಪಿನ್ನು ಇದೆಯೇ, ಚೈನಿನ ಹೊಂದಾಣಿಕೆಯ ಗೆರೆಗಳು ಎಡಬಲ ಸಮನಾಗಿವೆಯೇ, ಬ್ರೇಕು ಹಿಡಿದ ಮೇಲೆ ಚಕ್ರ ಬಿಟ್ಟುಕೊಡುತ್ತದೆಯೇ, ಹ್ಯಾಂಡಲು ನೇರವಿದೆಯೇ, ಎಣ್ಣೆ ಮಟ್ಟಕ್ಕಿದೆಯೇ ನೋಡಿ. ಚೈನಿನ ಸಡಿಲ ಎಷ್ಟಿರಬೇಕು, ಗಾಳಿ ಎಷ್ಟಿರಬೇಕು ಎಂಬುದೆಲ್ಲ ಗಾಡಿಯ ಕೈಪಿಡಿಯಲ್ಲೇ ಇದೆ. ಅರ್ಧ ಗಂಟೆಯ ಕೆಲಸ. ಮತ್ತೆ, ಸಹಿ ಹಾಕುವ ಕಾಗದವನ್ನು ಓದಿ. ಯಾವ ಭಾಷೆಯಲ್ಲಿದ್ದರೂ ಓದಿ, ಬಾರದಿದ್ದರೆ ಓದಿಸಿ ಕೇಳಿ.

ಅಳಿಯ ಈಗ ತಿಂಗಳಿಗೊಮ್ಮೆ ಭಾನುವಾರ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ, ನಟ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾನೆ. ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಮೊನ್ನೆ ಬ್ಯಾಂಕಿನಲ್ಲಿ ಹಿರಿಯರೊಬ್ಬರು ಎಂದಿನಂತೆ ಹಣವನ್ನು ಎಣಿಸದೆ ಸೊಂಟಕ್ಕೆ ಸಿಕ್ಕಿಸಲು ಹೊರಟರು. "ಎಣಿಸಿ ಅಣ್ಣ" ಎಂದೆ. "ನಿಮ್ಮ ಮೇಲೆ ನಂಬಿಕೆ ಉಂಟಲ್ವಾ?" ಎಂದರು ಅವರು. "ನನಗಾಗಿ ಎಣಿಸಿ" ಎಂದೆ. ಅವರು ವಿಚಿತ್ರವಾಗಿ ನೋಡಿ, ಬೆರಳನ್ನು ಒದ್ದೆ ಮಾಡಿಕೊಂಡು ಎಣಿಸತೊಡಗಿದರು. ಸರತಿಯಲ್ಲಿ ನಿಂತವರು ಗೊಣಗಿದರು. ನಾನು ಕಾದೆ.