ತೋಡಿನ ಕಟ್ಟವೂ ನಮ್ಮ ಕೈಗಳೂ



ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಸೀಮೆಗಳ ಮೇಲೆ ದೇವರು ವರ್ಷಂಪ್ರತಿ ಸುಮಾರು 4000 ಮಿಲ್ಲಿಮೀಟರು ಮಳೆಯನ್ನು ಸುರಿಸುತ್ತಾನೆ. ಆದರೂ ಏಪ್ರಿಲ್ ಮೇ ತಿಂಗಳುಗಳಲ್ಲಿ ನಮ್ಮ ಎಷ್ಟೋ ಮನೆಗಳ ತಾಯಂದಿರು ಬತ್ತಿದ ಬಾವಿಯೊಳಗೆ ಕೊಡಪಾನವನ್ನಿಳಿಸಿ ಕೆಸರನ್ನೇ ಮೇಲಕ್ಕೆಳೆಯುತ್ತಾರೆ. ಕೊಟ್ಟಾತನ ಕೈ ಮೋಟಾಯಿತೋ? ಎಂದಿಗೂ ಇಲ್ಲ. ಆ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬಿದ್ದು, ಗುಡ್ಡದಿಂದ ತೋಡಿಗೂ, ತೋಡಿನಿಂದ ನೇತ್ರಾವತಿ ಫಲ್ಗುಣಿಗಳಿಗೂ, ಅಲ್ಲಿಂದ ಸಮುದ್ರಕ್ಕೂ ಓಡಿಹೋಗುತ್ತದೆ. ಹಿಡಿದು ನಿಲ್ಲಿಸುವ ಕೈಗಳೇ ಕಡಿಮೆಯಾದವು.

ನಮ್ಮ ಹಿರಿಯರು ಇದನ್ನು ಅರಿತಿದ್ದರು. ಮಳೆ ನಿಂತು ತೋಡಿನ ಹರಿವು ತಗ್ಗಿದಾಗ, ನವೆಂಬರ್ ಡಿಸೆಂಬರ್ ತಿಂಗಳುಗಳಲ್ಲಿ, ಊರವರು ಒಟ್ಟುಗೂಡಿ ಕಲ್ಲು, ಮಣ್ಣು, ಅಡಿಕೆ ಮರ, ಸೊಪ್ಪುಗಳಿಂದ ಕಟ್ಟ ಹಾಕುತ್ತಿದ್ದರು. ನಿಂತ ನೀರು ಕಣಿಯಲ್ಲಿ ಹರಿದು ತೋಟಕ್ಕೂ ಕೊಳಕೆ ಬೆಳೆಯ ಗದ್ದೆಗೂ ಹೋಗುತ್ತಿತ್ತು. ನೆಲದೊಳಗೆ ಇಳಿದು ಎರಡು ದಡಗಳ ಬಾವಿಗಳಿಗೂ ಆಧಾರವಾಗುತ್ತಿತ್ತು. ಮೇಲಿನ ಕಟ್ಟದಿಂದ ಸೋರಿದ್ದನ್ನು ಕೆಳಗಿನ ಕಟ್ಟವು ಹಿಡಿಯುತ್ತಿತ್ತು. ಮಳೆಗಾಲದ ನೆರೆಗೆ ಕಟ್ಟ ಕೊಚ್ಚಿಹೋಗುವದು. ಮುಂದಿನ ವರ್ಷ ತಿರಿಗಿ ಕಟ್ಟುವರು. ಪಂಪುಗಳೂ ಕೊಳವೆಬಾವಿಗಳೂ ಬಂದ ಮೇಲೆ ಪ್ರತಿಯೊಬ್ಬನು ತನ್ನ ತನ್ನ ಜಾಗದಲ್ಲಿ ಪಾತಾಳವನ್ನು ಕೊರೆಯತೊಡಗಿದನು. ಅನೇಕ ಊರುಗಳಲ್ಲಿ ಕಟ್ಟವು ಮರೆತುಹೋಯಿತು.

ಸರಕಾರದವರು ಕಿಂಡಿ ಅಣೆಕಟ್ಟುಗಳನ್ನು ಕಟ್ಟಿಸಿದ್ದಾರಲ್ಲಾ ಎಂದು ಕೆಲವರು ಹೇಳಬಹುದು. ಹೌದು, ಕಟ್ಟಿಸಿದ್ದಾರೆ. ಆದರೆ ಮಳೆಗಾಲ ಮುಗಿದ ಕೂಡಲೆ ಕಿಂಡಿಗಳಿಗೆ ಹಲಗೆ ಇಳಿಸಿ, ನಡುವೆ ಮಣ್ಣು ತುಂಬದಿದ್ದರೆ ನೀರು ನಿಲ್ಲುವದೋ? ಸಿಮೆಂಟಿನ ಗೋಡೆಗೂ ಊರವರ ಕೈ ಬೇಕು.

ನೆಹೆಮೀಯನು ಯೆರೂಸಲೇಮಿನ ಗೋಡೆಯನ್ನು ಕಟ್ಟಿಸಿದ ವೃತ್ತಾಂತವನ್ನು ನೆನಪು ಮಾಡಿಕೊಳ್ಳೋಣ. ಅಲ್ಲಿ ಅಕ್ಕಸಾಲಿಗರೂ ವರ್ತಕರೂ ಯಾಜಕರೂ ಒಬ್ಬರ ಪಕ್ಕದಲ್ಲಿ ಒಬ್ಬರು ನಿಂತರು. ಅನೇಕರು ತಮ್ಮ ಮನೆಯ ಎದುರಿನ ಪಾಲನ್ನು ಕಟ್ಟಿದರು. ಒಬ್ಬನು ತನ್ನ ಕುಮಾರ್ತೆಯರೊಂದಿಗೆ ಬಂದನು. 52 ದಿವಸಗಳಲ್ಲಿ ಗೋಡೆ ಮುಗಿಯಿತು. ಆದರೆ ತೆಕೋವ ಊರಿನ ದೊಡ್ಡವರು ಕೆಲಸಕ್ಕೆ ಹೆಗಲು ಕೊಡಲಿಲ್ಲವೆಂದು ಅದೇ ಪುಸ್ತಕದಲ್ಲಿ ಬರೆದಿದೆ. ಆ ಊರಿನ ಸಾಮಾನ್ಯ ಜನರಾದರೋ ತಮ್ಮ ಪಾಲನ್ನು ತೀರಿಸಿ ಮತ್ತೊಂದು ಪಾಲನ್ನೂ ಕಟ್ಟಿದರು. ದೇವರ ಲೆಕ್ಕದಲ್ಲಿ ಎರಡೂ ದಾಖಲಾಗಿವೆ.

ಇಲ್ಲಿ ನಮ್ಮೊಳಗಿನ ಒಂದು ಕಹಿಯಾದ ಮಾತನ್ನು ಮುಚ್ಚಿಡಬಾರದು. ತೋಟವಿಲ್ಲದ ಬಡ ಸಹೋದರನು, ನಾನು ಮಣ್ಣು ಹೊತ್ತರೆ ನೀರು ದೊಡ್ಡವರ ಅಡಿಕೆಗೆ ಹೋಗುತ್ತದೆ, ನನಗೇನು ಲಾಭ ಎಂದು ಕೇಳುತ್ತಾನೆ. ಈ ಪ್ರಶ್ನೆಯು ನ್ಯಾಯವಾದದ್ದು. ಆದದರಿಂದ ಮೊದಲನೆಯ ಕಲ್ಲು ಇಡುವದಕ್ಕೆ ಮುಂಚೆಯೇ ಎಲ್ಲರೂ ಕೂತು ಮಾತಾಡತಕ್ಕದ್ದು: ಯಾರ ಬಾವಿ ಮೊದಲು ಬತ್ತುತ್ತದೋ ಅವರ ಮನೆಯ ಹತ್ತಿರವೇ ಕಟ್ಟದ ಸ್ಥಳವನ್ನು ನೋಡತಕ್ಕದ್ದು, ಕಣಿಯ ನೀರಿನಲ್ಲಿ ಬಡವನ ತರಕಾರಿ ಸಾಲಿಗೂ ಸರದಿ ಇರತಕ್ಕದ್ದು. ತೋಟವಿದ್ದವನು ಕೂಲಿಯ ಆಳನ್ನು ಕಳುಹಿಸಿ ತಾನು ಜಗಲಿಯಲ್ಲಿ ಕೂತರೆ ಅವನು ತೆಕೋವದ ದೊಡ್ಡವನೇ.

ಒಬ್ಬನೇ ಸಾಧಿಸಲಾರನೋ ಎಂದರೆ, ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಹಲವು ಸಾರಿ ಸೋತರೂ ಬಿಡದೆ ತಾವೊಬ್ಬರೇ ಸುರಂಗ ಕೊರೆದು ಬೋಳು ಗುಡ್ಡಕ್ಕೆ ನೀರು ತಂದರು. 2022ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಅವರ ತಾಳ್ಮೆಗೆ ನಾವು ತಲೆಬಾಗುತ್ತೇವೆ. ಆದರೆ ಗುಡ್ಡವನ್ನು ಕೊರೆದ ಒಬ್ಬನ ಕೈ, ಅಗಲವಾಗಿ ಹರಿಯುವ ತೋಡನ್ನು ತಡೆಯಲಾರದು. ಅದೇ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಅಡಿಕೆ ಬೆಳೆಗಾರರು ಕೂಡಿ ಕ್ಯಾಂಪ್ಕೋ ಸಹಕಾರ ಸಂಘವನ್ನು ಸ್ಥಾಪಿಸಿದರು. ಬೆಲೆ ಕುಸಿದು ಒಬ್ಬೊಬ್ಬರೂ ಕಂಗೆಟ್ಟಿದ್ದ ಕಾಲವದು. ಆ ಸಂಘವು 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೂ ನಡಿಸತೊಡಗಿತು. ಒಂಟಿಯಾಗಿ ಮಾರುವವನಿಗೆ ಸಿಕ್ಕದ ಬಲವು ಕೂಡಿದವರಿಗೆ ಸಿಕ್ಕಿತು.

ನಾವು ಕಟ್ಟ ಹಾಕುವಾಗ ನೆರೆಯ ಹಿಂದುಗಳನ್ನೂ ಜೈನರನ್ನೂ ಮುಸಲ್ಮಾನರನ್ನೂ ಕರೆಯೋಣ. ಅವರು ಕರೆದರೆ ನಾವೇ ಮೊದಲು ಹೋಗೋಣ. ತೋಡಿನ ನೀರು ಯಾರ ಮತವನ್ನೂ ವಿಚಾರಿಸುವದಿಲ್ಲ. ದೇವರು ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುತ್ತಾನೆಂದು ಕಲಿಸಿದ ಕರ್ತನ ಶಿಷ್ಯರಾದ ನಾವು ಬೇಲಿ ಹಾಕಬಹುದೋ?

ಆ ಕರ್ತನು ಐದು ಸಾವಿರ ಮಂದಿಯನ್ನು ತೃಪ್ತಿಪಡಿಸಿದ ಮೇಲೆ, ಮಿಕ್ಕ ತುಂಡುಗಳನ್ನು ಹಾಳಾಗಲು ಬಿಡದೆ ಕೂಡಿಸಿರೆಂದು ಶಿಷ್ಯರಿಗೆ ಹೇಳಿದನು. ರೊಟ್ಟಿಯನ್ನು ಹೆಚ್ಚಿಸಬಲ್ಲಾತನೇ ತುಂಡನ್ನು ಅಲಕ್ಷ್ಯ ಮಾಡಲಿಲ್ಲ. ಮಳೆಗಾಲದ ಔತಣ ತೀರಿದ ಮೇಲೆ ತೋಡಿನಲ್ಲಿ ಉಳಿದು ಹರಿಯುವ ನೀರು ನಮ್ಮ ಪಾಲಿನ ಮಿಕ್ಕ ತುಂಡು. ಶಿಷ್ಯರು ಹನ್ನೆರಡು ಪುಟ್ಟಿಗಳನ್ನು ಹೊತ್ತರು. ನಾವು ಹಾರೆಯನ್ನೂ ಬುಟ್ಟಿಯನ್ನೂ ಹೊರೋಣ.

ಕಟ್ಟವು ಒಂದೇ ವರ್ಷದ್ದು, ಮಳೆಗೆ ಹೋಗುವದು ಎಂದು ಬೇಸರಪಡಬೇಡಿರಿ. ಪ್ರತಿ ವರ್ಷ ತಿರಿಗಿ ಕೂಡಬೇಕಾಗುವದೇ ಅದರ ಆಶೀರ್ವಾದ. ಈ ವರ್ಷ ಮುನಿಸಿಕೊಂಡಿದ್ದ ಇಬ್ಬರು ನೆರೆಯವರು ಒಂದೇ ಬುಟ್ಟಿಯ ಎರಡು ಅಂಚುಗಳನ್ನು ಹಿಡಿಯುವಂತೆ ಕರ್ತನು ಕೃಪೆಮಾಡಲಿ. ಆಮೆನ್.