ಕೊಂದವರಿಗೆ ಕಾಲಂ ಇಲ್ಲ
ಆತ್ಮಹತ್ಯೆ ಅಂತಾರೆ. ಕೊಂದವನೂ ಸತ್ತವನೂ ಒಬ್ಬನೇ ಎಂದು ಆ ಮಾತೇ ತೀರ್ಪು ಕೊಟ್ಟುಬಿಡುತ್ತದೆ. ದಿನಗೂಲಿಯವರ ಮಕ್ಕಳಾದ ನಾವು ಇದನ್ನು ಒಪ್ಪುವುದಿಲ್ಲ.

2020ರ ಮಾರ್ಚ್ 24ರ ರಾತ್ರಿ, ನಾಲ್ಕೇ ಗಂಟೆ ಮುಂಚೆ ಹೇಳಿ, ದೇಶಕ್ಕೆ ಬೀಗ ಹಾಕಿದರು. ರೋಗ ಬರುವ ಮೊದಲೇ ಕೂಲಿ ಸತ್ತಿತು. ಸರ್ಕಾರದ ಅಪರಾಧ ದಾಖಲೆಗಳ ಲೆಕ್ಕದಲ್ಲೇ 2019ರ ಆತ್ಮಹತ್ಯೆಗಳು 1,39,123, 2021ರವು 1,64,033. ಇವರಲ್ಲಿ 42,004 ಮಂದಿ ದಿನಗೂಲಿಗಳು. ನಾಲ್ವರಲ್ಲಿ ಒಬ್ಬರು. ಎಲ್ಲವನ್ನೂ ಕೊರೋನಾದ ತಲೆಗೆ ಕಟ್ಟುವ ಹಾಗಿಲ್ಲ. ಅವರ ಪಾಲು ಅದಕ್ಕೂ ಮುಂಚಿನಿಂದ ಏರುತ್ತಲೇ ಇತ್ತು.

ಕಾರಣ? ಮೂರರಲ್ಲೊಂದು ಸಾವಿಗೆ ‘ಕೌಟುಂಬಿಕ ಸಮಸ್ಯೆ’ ಎಂದು ಬರೆದಿದ್ದಾರೆ. ಒಲೆ ಉರಿಯದ ಮನೆಯಲ್ಲಿ ಜಗಳ ಆಗದೆ ಇನ್ನೇನು ಆಗುತ್ತೆ ಸ್ವಾಮಿ? ಬಡತನಕ್ಕೂ ಒಂದು ಕಾಲಂ ಇದೆ, ಅದರಲ್ಲಿ ನೂರಕ್ಕೆ ಎರಡೂ ಇಲ್ಲ! ಬೀಗ ಹಾಕಿದ ದಿನಗಳಿಗೂ ಸಂಬಳ ಕೊಡಿ ಎಂದು ಮಾರ್ಚ್ 29ರಂದು ಹೊರಟ ಕೇಂದ್ರದ ಆದೇಶ ಮೇ ತಿಂಗಳಲ್ಲೇ ವಾಪಸಾಯಿತು. ಅದನ್ನು ವಾಪಸು ಪಡೆದ ಕೈಯನ್ನು ಯಾವ ಕಾಲಮ್ಮಿನಲ್ಲಿ ಬರೆಯೋಣ?