ಬೆಟ್ಟ ಇಳಿದವರ ಶಾಸನ
ಶ್ರವಣಬೆಳಗೊಳಕ್ಕೆ ಹೋದವರೆಲ್ಲ ದೊಡ್ಡಬೆಟ್ಟ ಹತ್ತಿ, ಗೊಮ್ಮಟನ ಮುಂದೆ ಒಂದು ಸೆಲ್ಫಿ ತಗೊಂಡು ಬಸ್ ಹತ್ತುತ್ತಾರೆ. ಎದುರಿನ ಚಿಕ್ಕಬೆಟ್ಟಕ್ಕೆ ಹೋಗೋರು ಕಡಿಮೆ. ನನ್ನ ಕೇಳಿದರೆ ನೋಡಬೇಕಾದ್ದು ಅಲ್ಲಿದೆ. ಹಾಸುಬಂಡೆಯ ಮೇಲೆ ಸಾವಿನ ದಾಖಲೆಗಳು. ಕ್ರಿ.ಶ. 600ರ ಸುಮಾರಿನಿಂದ ಶುರುವಾಗಿ ಸಾಲುಸಾಲು: ಇಂಥ ಮುನಿ, ಇಂಥ ಸನ್ಯಾಸಿನಿ, ಆಹಾರ ಬಿಟ್ಟು ಇಲ್ಲಿ ದೇಹ ಬಿಟ್ಟರು. ಸಲ್ಲೇಖನ.

ನಾನು ದೇವಸಮುದ್ರದ ಕಡೆಯವನು. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯಲ್ಲಿ ಅಶೋಕ, ತಂದೆತಾಯಿ ಮಾತು ಕೇಳಿ, ನಿಜ ಹೇಳಿ ಅಂತ ಕೊರೆಸಿದ್ದಾನೆ. ಹೇಗೆ ಬದುಕಬೇಕು ಅನ್ನೋ ಬಂಡೆ ಅದು. ಇಲ್ಲಿರೋದು ಹೇಗೆ ಹೋಗಬೇಕು ಅನ್ನೋದು.

ಇದು ಆತ್ಮಹತ್ಯೆಯಾ? 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಹೌದು ಅಂತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹೈಕೋರ್ಟ್ ಮಾತು ನನಗೆ ಒಪ್ಪಿಗೆಯಿಲ್ಲ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಇದಕ್ಕೆ ಷರತ್ತುಗಳಿವೆ: ಪರಿಹಾರವಿಲ್ಲದ ಆಪತ್ತು, ಬರ, ಮುಪ್ಪು ಅಥವಾ ರೋಗ ಬಂದಿರಬೇಕು. ಅದೂ ಒಂದೊಂದೇ ಆಹಾರ ಬಿಡುತ್ತಾ ಹೋಗೋದು. ಹತಾಶೆಗೆ ಇಷ್ಟು ತಾಳ್ಮೆ ಇರಲ್ಲ. ನಿಧಾನ ಇರೋದರಿಂದ ಮನಸ್ಸು ಬದಲಾಯಿಸೋಕೆ ದಿನಾ ಅವಕಾಶ ಇದೆ.

ನಿಜವಾಗಿ ಇದೆಯಾ? ಬಂಡೆ ಮೇಲಿರೋದು ವ್ರತ ಪೂರೈಸಿದವರ ಹೆಸರು. ಹತ್ತನೇ ದಿನ ‘ಸಾಕು, ಒಂದು ಲೋಟ ಗಂಜಿ ಕೊಡಿ’ ಅಂದು ಬೆಟ್ಟ ಇಳಿದವರ ಶಾಸನ ನನಗೆ ಒಂದೂ ಕಾಣಲಿಲ್ಲ. (ಬರೀ ಸಕ್ಸಸ್ ಬರೆದಿಡೋ ಲಾಗ್ ಫೈಲನ್ನ ನಮ್ಮ ಆಫೀಸಲ್ಲಿ ಯಾರೂ ನಂಬಲ್ಲ.) ಸುತ್ತ ಜನ ಕೈಮುಗಿದು ನಿಂತಿರುವಾಗ ‘ನನಗೆ ಹಸಿವಾಗ್ತಿದೆ’ ಅನ್ನೋದು ಎಷ್ಟು ಕಷ್ಟ!

ಮುದುಕರು ‘ಸಾಕಾಗೈತಪ್ಪ’ ಅಂದಾಗ ಅದು ಬದುಕಿ ತೃಪ್ತಿಯಾದ ಮಾತೂ ಇರಬಹುದು, ‘ನಿಮಗೆ ಭಾರ ಆಗಿದೀನಿ’ ಅನ್ನೋದೂ ಇರಬಹುದು. ನಮ್ಮಜ್ಜಿ ಕೊನೇ ವಾರ ಗಂಜಿ ಲೋಟ ಕೈಯಿಂದ ಸರಿಸುತ್ತಿದ್ದಳು. ಅಪ್ಪ ಒತ್ತಾಯ ಮಾಡಲಿಲ್ಲ. ಆದರೆ ಹೊತ್ತುಹೊತ್ತಿಗೂ ಲೋಟ ಹಿಡಿದು ಹೋಗಿ, ‘ಅವ್ವಾ, ಒಂದು ಗುಟುಕು ಕುಡೀತೀಯಾ?’ ಅಂತ ಕೇಳೋರು. ಹಾಗೆ ಕೇಳೋರು ಪಕ್ಕದಲ್ಲಿದ್ದರೆ ಮಾತ್ರ ‘ಬೇಡ’ ಅನ್ನೋದನ್ನ ನಾನು ಸ್ವಂತ ನಿರ್ಧಾರ ಅಂತ ಒಪ್ಪುತ್ತೇನೆ.

2018ರಲ್ಲಿ ಸುಪ್ರೀಂ ಕೋರ್ಟ್ ಲಿವಿಂಗ್ ವಿಲ್‌ಗೆ ಒಪ್ಪಿಗೆ ಕೊಟ್ಟಿತು. ವಾಸಿಯಾಗೋ ಆಸೆಯೇ ಇಲ್ಲದಾಗ ವೆಂಟಿಲೇಟರ್ ಬೇಡ ಅಂತ ಮೊದಲೇ ಬರೆದಿಡಬಹುದು. ಹೋದ ಸಲ ಊರಿಗೆ ಹೋದಾಗ ಅಪ್ಪನಿಗೆ ಅದರ ಕರಡು ತೋರಿಸಿದೆ. ಕನ್ನಡಕ ಹಾಕ್ಕೊಂಡು ಪೂರ್ತಿ ಓದಿ, ‘ಆಮ್ಯಾಕೆ ಮನಸ್ಸು ಬದಲಾದ್ರೆ?’ ಅಂದರು. ಯಾವಾಗ ಬೇಕಾದರೂ ಬರೆದುಕೊಟ್ಟು ವಾಪಸ್ ತಗೋಬಹುದು ಅಂದೆ. ‘ಅವಾಗ ಬರೆಯಾಕೆ ಕೈ ಆಡದಿದ್ರೆ?’

ಇನ್ನೂ ಸಹಿ ಹಾಕಿಲ್ಲ.